ಒಂದೇ ಕಾರು, ಎರಡು ಲೋಗೋ: ಬ್ರ್ಯಾಂಡ್ ಅಂದ್ರೆ ನಮಗೆ ಯಾಕಿಷ್ಟು ಪ್ರಾಣ?

ಬಿಡದಿ ಬೈಪಾಸ್

ನಮ್ಮ ಭಾವ ಕಾರು ತಗೊಳ್ಳಲು ಹೊರಟಿದ್ದಾರೆ. ಮಾರುತಿ ಸುಜುಕಿಯ ಬಲೆನೊ ನೋಡಿದರು, ಮೂಗು ಮುರಿದರು. ಅದೇ ಕಾರಿಗೆ ಟೊಯೋಟಾ ಲೋಗೋ ಹಾಕಿದ ಗ್ಲಾನ್ಜಾ ನೋಡಿದರು, ಮುಖ ಅರಳಿತು. "ಟೊಯೋಟಾ ಅಂದ್ರೆ ಟೊಯೋಟಾನೇ ಕಣೋ, ಡೋರ್ ಹಾಕಿದಾಗ ಬರೋ ಸೌಂಡೇ ಬೇರೆ" ಅಂತ ನನಗೇ ಪಾಠ.

ಡೋರೂ ಅದೇ, ಸೌಂಡೂ ಅದೇ. 2019ರ ಜೂನ್‌ನಲ್ಲಿ ಗ್ಲಾನ್ಜಾ ಬಂದಾಗಿನಿಂದ ಅದನ್ನು ಟೊಯೋಟಾಗೆ ಮಾಡಿಕೊಡುತ್ತಿರುವುದೇ ಸುಜುಕಿ ಕಡೆಯವರು. ಹೇಳಿದೆ. "ಇರಬಹುದು, ಆದ್ರೂ..." ಅಂದರು. ಆ "ಆದ್ರೂ" ಮುಂದೆ ನನ್ನ ವಾದ ಯಾವುದೂ ನಿಲ್ಲಲಿಲ್ಲ.

ಪಕ್ಕದ ಮನೆಯಲ್ಲಿ ಇದರ ಉಲ್ಟಾ. ಅವರದು ಪಕ್ಕಾ ಮಾರುತಿ ಕುಟುಂಬ. ಗ್ರ್ಯಾಂಡ್ ವಿಟಾರಾ ಸ್ಟ್ರಾಂಗ್ ಹೈಬ್ರಿಡ್ ತಗೊಂಡು "ಮೈಲೇಜ್‌ನಲ್ಲಿ ಮಾರುತಿನ ಹೊಡೆಯೋರಿಲ್ಲ" ಎನ್ನುತ್ತಾರೆ. ಪೆಟ್ರೋಲ್ ಇಂಜಿನ್ ಜೊತೆ ಎಲೆಕ್ಟ್ರಿಕ್ ಮೋಟರ್ ಸೇರಿಸುವ ಆ ಹೈಬ್ರಿಡ್ ಸಿಸ್ಟಮ್ ಟೊಯೋಟಾದ್ದು. ಗಾಡಿ ತಯಾರಾಗಿದ್ದು ನಮ್ಮ ಬಿಡದಿಯ ಟೊಯೋಟಾ ಪ್ಲಾಂಟಿನಲ್ಲಿ, ಅದರ ಟೊಯೋಟಾ ಅವಳಿ ಹೈರೈಡರ್ ಜೊತೆಗೇ. ಇನ್ವಿಕ್ಟೋ ಅಂತೂ ಮಾರುತಿ ಲೋಗೋ ಹಾಕಿಕೊಂಡ ಟೊಯೋಟಾ ಇನ್ನೋವಾ ಹೈಕ್ರಾಸ್.

ಕಾರಿನ ಬಗ್ಗೆ ತಲೆ ಕೆಡಿಸಿಕೊಳ್ಳದವರು ಲೋಗೋ ನೋಡಿ ತಗೊಳ್ಳುತ್ತಾರೆ, ಸರಿ. ಆದರೆ ಈ ಕಾರು ಫೋರಂನಲ್ಲಿರುವ ನಾವು? ಯಾವ ಇಂಜಿನ್ ಯಾರದ್ದು, ಯಾವ ಗೇರ್‌ಬಾಕ್ಸ್ ಎಲ್ಲಿಂದ ಬಂತು, ಎಲ್ಲ ಬಾಯಿಪಾಠ. ಆದರೂ ಜಾಸ್ತಿ ಹಟ ಮಾಡುವುದು ನಾವೇ. ಯಾಕೆ?

ಲೆಕ್ಕದ ಮನುಷ್ಯ

ನಿಮ್ಮ ಭಾವ ಅಂದುಕೊಂಡಷ್ಟು ದಡ್ಡರಲ್ಲ ಸರ್. ಗ್ಲಾನ್ಜಾ ಬಂದಾಗ ಟೊಯೋಟಾ ಕೊಟ್ಟ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿ.ಮೀ. ಆಗ ಬಲೆನೊಗೆ ಇದ್ದದ್ದು 2 ವರ್ಷ ಅಥವಾ 40,000 ಕಿ.ಮೀ. ಮಾರುತಿ ಅದನ್ನು ಸರಿಗಟ್ಟಿದ್ದು 2024ರಲ್ಲಿ. ಕಾರು ಒಂದೇ ಆದರೂ ಹಿಂದೆ ನಿಂತವರು ಬೇರೆ. ಜನ ದುಡ್ಡು ಕೊಡುವುದು ಅದಕ್ಕೆ.

ಬ್ರ್ಯಾಂಡ್ ಪ್ರೀತಿ ಎನ್ನುವುದರಲ್ಲಿ ಮುಕ್ಕಾಲು ಪಾಲು ಭಯ. ದೊಡ್ಡ ಮೊತ್ತ, ಐದಾರು ವರ್ಷದ ಇಎಂಐ. ಹೋದ ಸಲ ಕೈ ಕೊಡದ ಕಂಪನಿಗೇ ಮತ್ತೆ ಹೋಗುವುದು ಬುದ್ಧಿವಂತಿಕೆ.

ಹಳದಿ ಬೋರ್ಡ್‌ನವರನ್ನು ನೋಡಿ. ಟೊಯೋಟಾ ಕ್ವಾಲಿಸ್ 2000ದಲ್ಲಿ ಬಂದಾಗ ಅದರ ಡಬ್ಬದಂಥ ಆಕಾರ ನೋಡಿ ನಕ್ಕವರೇ ಜಾಸ್ತಿ. ಟ್ರಾವೆಲ್ಸ್ ಮಾಲೀಕರು ನಗಲಿಲ್ಲ, ತಗೊಂಡರು. 2005ರಲ್ಲಿ ಚೆನ್ನಾಗಿ ಓಡುತ್ತಿದ್ದ ಅದನ್ನೇ ನಿಲ್ಲಿಸಿ ಇನ್ನೋವಾ ತಂದಾಗ ಅಲ್ಲಿಗೆ ಹೋದರು. ಯಾರೂ ಟೊಯೋಟಾ ಟಿ-ಶರ್ಟ್ ಹಾಕಿಕೊಂಡು ಓಡಾಡಲಿಲ್ಲ. ಗಾಡಿ ಒಂದು ದಿನ ನಿಂತರೆ ಒಂದು ದಿನದ ಡ್ಯೂಟಿ ಹೋಯಿತು. ಅಷ್ಟೇ ಲೆಕ್ಕ.

ಎಂಎಂ540

ಟ್ಯಾಕ್ಸಿಗೆ ಈ ಲೆಕ್ಕ ಸರಿ. ನಮ್ಮಂಥವರಿಗೆ ಇದು ಕೂಡಿಬರುವುದಿಲ್ಲ ಮಾರಾಯ್ರೆ.

ನಮ್ಮದು ಮೂಡಿಗೆರೆ ಕಡೆ ತೋಟ. ನಾನು ಹುಟ್ಟುವ ಮೊದಲೇ ಮನೆಯಲ್ಲಿ ಮಹೀಂದ್ರ ಜೀಪ್. 1947ರಲ್ಲಿ ವಿಲ್ಲೀಸ್ ಜೀಪ್ ಜೋಡಿಸಲು ಶುರು ಮಾಡಿದ ಕಂಪನಿ ಅದು. ಈ ಇತಿಹಾಸ ಎಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಅಪ್ಪನಿಗೆ ಗೊತ್ತೂ ಇರಲಿಲ್ಲ, ಬೇಕೂ ಇರಲಿಲ್ಲ. ಜುಲೈ ತಿಂಗಳಲ್ಲಿ ನಮ್ಮ ತೋಟದ ದಾರಿ ಬೇರೆ ಗಾಡಿಯನ್ನು ಒಳಗೆ ಬಿಡುತ್ತಿರಲಿಲ್ಲ. ಬ್ರ್ಯಾಂಡ್ ಆರಿಸಿದ್ದು ಅಪ್ಪ ಅಲ್ಲ, ಆ ಕೆಸರು.

ಮಹೀಂದ್ರದ ಎಂಎಂ540 ಜೀಪ್ ಇದ್ದವರಿಗೆ ಗೊತ್ತು, ಅದರ ಪೂಜೋ ಡೀಸೆಲ್ ಇಂಜಿನ್ ಬೆಳಿಗ್ಗೆ ಎದ್ದ ಕೂಡಲೇ ಮಾತು ಕೇಳುವುದಿಲ್ಲ. ಕೀಲಿ ತಿರುಗಿಸಿ ಇಂಜಿನ್ ಒಳಗಿನ ಹೀಟರ್ ಕಾಯಲು ಬಿಡಬೇಕು. ಅವಸರ ಮಾಡಿದರೆ ಬಿಳಿ ಹೊಗೆ ಕಾರಿ ಸುಮ್ಮನಾಗುತ್ತದೆ, ಬ್ಯಾಟರಿ ಇಳಿಯುತ್ತದೆ. ಎಷ್ಟು ಹೊತ್ತು ಕಾಯಬೇಕು ಅಂತ ಯಾವ ಪುಸ್ತಕದಲ್ಲೂ ಇಲ್ಲ. ಚಳಿಗೆ ಒಂದು ಲೆಕ್ಕ, ಮಳೆಗೆ ಒಂದು. ಅಪ್ಪ ಸೀಟಿನಲ್ಲಿ ಕೂತು ಬೀಡಿ ಹಚ್ಚುತ್ತಿದ್ದರು, ಎರಡು ದಮ್ ಆದ ಮೇಲೆ ಸ್ಟಾರ್ಟ್ ಹೊಡೆಯುತ್ತಿದ್ದರು. ಒಂದೇ ಸಲಕ್ಕೆ ಬರುತ್ತಿತ್ತು. ನಾನು ಮಾಡಿದರೆ ಬರುತ್ತಿರಲಿಲ್ಲ. ಕೆಸರು ಜಾಸ್ತಿ ಇದ್ದರೆ ಇಳಿದು ಮುಂದಿನ ಚಕ್ರದ ಹಬ್ಬನ್ನು ಕೈಯಲ್ಲೇ ತಿರುಗಿಸಿ ಲಾಕ್ ಮಾಡಬೇಕು, ಆಮೇಲೆ ಒಳಗೆ ಬಂದು ಸಣ್ಣ ಲಿವರ್ ಎಳೆಯಬೇಕು, ಆಗ ನಾಲ್ಕೂ ಚಕ್ರ ಎಳೆಯುತ್ತವೆ. ಇಷ್ಟು ಕಲಿತ ಹುಡುಗ ಮುಂದೆ ಬೇರೆ ಕಂಪನಿ ಎಸ್‌ಯುವಿ ತಗೊಳ್ಳುತ್ತಾನಾ?

2020ರ ಮಹೀಂದ್ರ ಥಾರ್ ಬಂದಾಗ ಬುಕ್ ಮಾಡಿದೆ. ಟರ್ಬೊ ಪೆಟ್ರೋಲ್, ಆಟೋಮ್ಯಾಟಿಕ್. ಎಂಎಂ540ಯ ಒಂದು ನಟ್ಟೂ ಅದಕ್ಕೆ ಹೊಂದುವುದಿಲ್ಲ. ಕಾಯುವುದೂ ಇಲ್ಲ, ಇಳಿಯುವುದೂ ಇಲ್ಲ. ಆದರೂ ಹಟ್ಟಿ ಮುಂದೆ ನಿಲ್ಲಿಸಿದಾಗ ಅಲ್ಲಿ ನಿಲ್ಲಬೇಕಾದ ಗಾಡಿಯೇ ನಿಂತಿದೆ ಅನ್ನಿಸಿತು. ಇದಕ್ಕೆ ವಾರಂಟಿ ಲೆಕ್ಕ ಹಾಕಿ ನೋಡೋಣ.

ಹುಬ್ಬಳ್ಳಿ ಸ್ಟೇರಿಂಗ್

ಜೀಪಿನ ಮಂದಿ ಬಂದ್ರು. ಇನ್ನ ಈ ಚರ್ಚೆ ಮುಗಿಯೋದಿಲ್ಲ ಬಿಡ್ರಿ.

ಟಿ-ಜೆಟ್ ಲಿನಿಯಾ

ಲೆಕ್ಕದ ಮನುಷ್ಯರೇ, ನಿಮ್ಮ ಲೆಕ್ಕದ ಪ್ರಕಾರ ನಾನು ಹುಚ್ಚಾಸ್ಪತ್ರೆಯಲ್ಲಿ ಇರಬೇಕು. ನನ್ನ ಹತ್ತಿರ ಇರುವುದು ಫಿಯಾಟ್ ಲಿನಿಯಾ, ಟಿ-ಜೆಟ್ ಅನ್ನುವ ಟರ್ಬೊ ಪೆಟ್ರೋಲ್ ಇಂಜಿನ್‌ನದ್ದು. ಕಂಪನಿ ಇಲ್ಲಿ ಫಿಯಾಟ್ ಹೆಸರಿನ ಕಾರು ಮಾರುವುದನ್ನೇ ನಿಲ್ಲಿಸಿದೆ. ರೀಸೇಲ್ ಕೇಳಿದರೆ ದಲ್ಲಾಳಿ ನಗುತ್ತಾನೆ. ಮಾರುವ ಯೋಚನೆ ಮಾತ್ರ ಇಲ್ಲ.

ಬಿಡದಿಯವರು ಲೋಗೋ ವಿಷಯ ಎತ್ತಿದ್ದಾರೆ, ಅದರಲ್ಲಿ ನಮ್ಮ ಫಿಯಾಟ್‌ನಷ್ಟು ಪೆಟ್ಟು ತಿಂದವರು ಯಾರೂ ಇಲ್ಲ. 1.3 ಮಲ್ಟಿಜೆಟ್ ಡೀಸೆಲ್ ಇಂಜಿನ್ ಫಿಯಾಟ್‌ನದ್ದು. ಅದು ಸ್ವಿಫ್ಟ್‌ನಲ್ಲಿತ್ತು, ಡಿಸೈರ್‌ನಲ್ಲಿತ್ತು, ಎರ್ಟಿಗಾ, ಸಿಯಾಜ್, ಬ್ರೆಝಾದಲ್ಲಿತ್ತು. ಟಾಟಾ ವಿಸ್ಟಾದಲ್ಲಿತ್ತು. ಶೆವ್ರೊಲೆ ಸೇಲ್‌ನಲ್ಲೂ ಇತ್ತು. 2020ರ ಏಪ್ರಿಲ್‌ನಲ್ಲಿ ಹೊಗೆ ಮಾಲಿನ್ಯದ ಬಿಎಸ್6 ನಿಯಮ ಬರುವ ತನಕ ದೇಶದ ಅರ್ಧ ರಸ್ತೆ ಅದರ ಮೇಲೇ ಓಡಿತು. ಸ್ವಿಫ್ಟ್ ಡೀಸೆಲ್ ಇದ್ದ ಗೆಳೆಯ "ಮಾರುತಿ ಇಂಜಿನ್ ಸೂಪರ್, ಫಿಯಾಟ್ ವೇಸ್ಟ್" ಅಂತ ನನ್ನ ಮುಖಕ್ಕೇ ಹೇಳಿದ್ದಾನೆ. ಕಾಫಿ ಗಂಟಲಲ್ಲಿ ಸಿಕ್ಕಿಕೊಂಡಿತು.

ಯಾಕೆ ಬಿಡಲ್ಲ ಅಂದರೆ, ಮೊದಲನೆಯದು ಆ ಹೈಡ್ರಾಲಿಕ್ ಸ್ಟೇರಿಂಗ್. ಶಿರಾಡಿ ಘಾಟಿಯಲ್ಲಿ ತಿರುವು ತಗೊಳ್ಳುವಾಗ ಟೈರ್ ಕೆಳಗೆ ಡಾಂಬರು ಇದೆಯಾ, ಜಲ್ಲಿ ಇದೆಯಾ ಅಂತ ಅಂಗೈಗೆ ಗೊತ್ತಾಗುತ್ತದೆ. ಈಗಿನ ಎಲೆಕ್ಟ್ರಿಕ್ ಸ್ಟೇರಿಂಗ್ ಒಂದು ಬೆರಳಿಗೆ ತಿರುಗುತ್ತದೆ, ಏನೂ ಹೇಳುವುದಿಲ್ಲ.

ಎರಡನೆಯದು ಜನ. ಕಂಪನಿ ಇದ್ದಾಗ ನಮ್ಮ ಗುಂಪು ಇಷ್ಟು ಗಟ್ಟಿ ಇರಲಿಲ್ಲ. ಸುಮ್ನೆ ಭಾನುವಾರ ಸೇರಿ ಫೋಟೋ ತೆಗೆದುಕೊಳ್ಳುತ್ತಿದ್ದೆವು. ಈಗ ಪುಣೆಯಲ್ಲಿ ಒಬ್ಬರಿಗೆ ಪಾರ್ಟುಗಳ ಹಳೇ ಸ್ಟಾಕ್ ಸಿಕ್ಕರೆ ಐದು ನಿಮಿಷದಲ್ಲಿ ಬೆಂಗಳೂರಿಗೆ ಸುದ್ದಿ. ಒಬ್ಬರು ನಾಲ್ಕು ಸೆಟ್ ತಗೊಂಡು ಬೇರೆಯವರಿಗೆ ಕೊಂಡ ಬೆಲೆಗೇ ಕಳಿಸುತ್ತಾರೆ. ನನ್ನ ಕಾರಿನಲ್ಲಿರುವ ಒಂದು ಸೆನ್ಸರ್ ನಾನು ಮುಖವೇ ನೋಡದ ಮನುಷ್ಯ ಕೊರಿಯರ್ ಮಾಡಿದ್ದು.

ಕೊನೇ ಬೆಂಚು ಮೇಷ್ಟ್ರು

ಮಾರ್ಕೆಟಿಂಗ್ ಪಾಠ ಮಾಡುವವನು ನಾನು, ಸ್ವಲ್ಪ ಕೊರೆಯಲು ಅನುಮತಿ ಕೊಡಿ.

ಲಿನಿಯಾದವರು ಹೇಳಿದ್ದನ್ನು 2001ರಲ್ಲಿ ಮೂನೀಸ್ ಮತ್ತು ಓಗ್ವಿನ್ ಎಂಬ ಇಬ್ಬರು ಸಂಶೋಧಕರು ಬರೆದಿದ್ದಾರೆ. ಅವರು ನೋಡಿದ್ದು ಸಾಬ್ ಕಾರು, ಫೋರ್ಡ್ ಬ್ರಾಂಕೊ ಮತ್ತು ಮ್ಯಾಕಿಂಟಾಷ್ ಕಂಪ್ಯೂಟರ್ ಇಟ್ಟುಕೊಂಡವರನ್ನು. ಮೂರು ಲಕ್ಷಣ ಕಂಡವು. ನಾವು ಒಂದು, ಅವರು ಬೇರೆ ಎಂಬ ಭಾವನೆ. ನಮ್ಮದೇ ಆಚಾರಗಳು. ಒಬ್ಬರಿಗೊಬ್ಬರು ಆಗಬೇಕು ಎಂಬ ಹೊಣೆ. ಸಾಬ್‌ನವರು ದಾರಿಯಲ್ಲಿ ಎದುರಾದರೆ ಲೈಟ್ ಮಿನುಗಿಸುವುದು, ಕೈ ಬೀಸುವುದು ಆಚಾರ. ಕೊರಿಯರ್‌ನಲ್ಲಿ ಸೆನ್ಸರ್ ಕಳಿಸುವುದು ಮೂರನೆಯದು. ಇಷ್ಟೆಲ್ಲ ಪ್ರೀತಿ ಇದ್ದ ಸಾಬ್ ಕಂಪನಿ 2011ರಲ್ಲಿ ದಿವಾಳಿ ಎದ್ದಿತು, ಅದು ಬೇರೆ ಮಾತು. ಪ್ರೀತಿಸುವವರೆಲ್ಲ ಹೊಸ ಕಾರು ಕೊಳ್ಳುವುದಿಲ್ಲ.

ಇದಕ್ಕಿಂತ ಹಳೆಯದು ನನಗೆ ಇನ್ನೂ ಇಷ್ಟ. 1957ರಲ್ಲಿ ಅಮೆರಿಕದಲ್ಲಿ ಹೊಸದಾಗಿ ಕಾರು ಕೊಂಡವರು ಯಾವ ಜಾಹೀರಾತು ಓದುತ್ತಾರೆ ಅಂತ ನೋಡಿದರು. ಮುಂದೆ ಕೊಳ್ಳಬೇಕಾದ್ದು ಏನೂ ಇಲ್ಲ. ಆದರೂ ಜಾಸ್ತಿ ಓದಿದ್ದು ತಾವು ಆಗಲೇ ಕೊಂಡ ಕಾರಿನ ಜಾಹೀರಾತನ್ನು! ಬೇಕೋ ಬೇಡವೋ ಎಂದು ತೂಗಿ ನೋಡಿ ಕೈಬಿಟ್ಟ ಕಾರಿನದನ್ನು ಓದಿದ್ದು ಕಮ್ಮಿ. ತಾನು ಮಾಡಿದ್ದು ಸರಿ ಅಂತ ಯಾರಾದರೂ ಹೇಳಲಿ ಎಂಬ ಆಸೆ.

ಇಲ್ಲಿ ಎಷ್ಟು ಜನ ಡೆಲಿವರಿ ಆದ ಮೇಲೂ ಅದೇ ಕಾರಿನ ರಿವ್ಯೂ ವಿಡಿಯೋ ನೋಡುತ್ತೀರಿ? ಕೈ ಎತ್ತಿ.

ಹುಬ್ಬಳ್ಳಿ ಸ್ಟೇರಿಂಗ್

ಎರಡೂ ಕೈ ಎತ್ತೀನಿ ಸರ್. ಸ್ಟೇರಿಂಗ್ ಯಾರರೆ ಹಿಡ್ಕೋರಿ.

ಅಡಿಲೇಡ್ ಅಣ್ಣ

ಆಸ್ಟ್ರೇಲಿಯಾದಿಂದ ನಮಸ್ಕಾರ. ಬ್ರ್ಯಾಂಡ್ ಜಗಳ ನೋಡಬೇಕಾದರೆ ಇಲ್ಲಿಗೆ ಬರಬೇಕು. ಹೋಲ್ಡನ್ ಅನ್ನುವುದು ಇಲ್ಲಿನದೇ ಕಾರು ಬ್ರ್ಯಾಂಡ್. ಹೋಲ್ಡನ್ ಮನೆ, ಫೋರ್ಡ್ ಮನೆ ಅಂತ ಎರಡು ಜಾತಿಯೇ ಇದ್ದವು. ಮೌಂಟ್ ಪನೋರಮಾದಲ್ಲಿ ನಡೆಯುವ ಬಾಥರ್ಸ್ಟ್ ರೇಸ್ ಇವರ ಜಾತ್ರೆ. 1992ರಲ್ಲಿ ಅಲ್ಲಿ ನಿಸ್ಸಾನ್ ಜಿಟಿ-ಆರ್ ಗೆದ್ದಿತು. ಮಳೆಯಿಂದ ರೇಸ್ ಮಧ್ಯದಲ್ಲೇ ನಿಂತು ಹಾಗಾಯಿತು ಅನ್ನಿ. ಗೆದ್ದ ಡ್ರೈವರ್ ಜಿಮ್ ರಿಚರ್ಡ್ಸ್ ವೇದಿಕೆ ಹತ್ತಿದರೆ ಜನ ಬೂ ಅಂತ ಕೂಗಿ ಅವಮಾನ ಮಾಡಿದರು. ಆತನೂ ಮೈಕಿನಲ್ಲೇ ಬೈದ. ಆಮೇಲೆ ನಿಯಮ ಬದಲಾಗಿ, ಇಲ್ಲಿನ ಟೂರಿಂಗ್ ಕಾರ್ ರೇಸ್ ಚಾಂಪಿಯನ್‌ಶಿಪ್ ಎಷ್ಟೋ ವರ್ಷ ಫೋರ್ಡ್ ಮತ್ತು ಹೋಲ್ಡನ್ ಎರಡರದ್ದೇ ಆಟವಾಯಿತು.

ನನ್ನ ಆಫೀಸಿನಲ್ಲಿ ಒಬ್ಬರಿದ್ದಾರೆ. ಅವರ ತಂದೆ ಕೆಲಸ ಮಾಡಿದ್ದು ಇಲ್ಲೇ ಎಲಿಜಬೆತ್‌ನ ಹೋಲ್ಡನ್ ಕಾರ್ಖಾನೆಯಲ್ಲಿ. ಅವರ ಬೀದಿಯಲ್ಲಿ ಫೋರ್ಡ್ ನಿಲ್ಲಿಸಿದರೆ ಅದು ಪಕ್ಕದ ಮನೆಯವರ ಸಂಬಳಕ್ಕೆ ಮಾಡಿದ ದ್ರೋಹ. ಇದನ್ನು ಅಭಿರುಚಿ ಎನ್ನಲು ಆಗುವುದಿಲ್ಲ.

2017ರ ಅಕ್ಟೋಬರ್‌ನಲ್ಲಿ ಆ ಕಾರ್ಖಾನೆ ಮುಚ್ಚಿತು. ಆಮೇಲೂ ಹೋಲ್ಡನ್‌ನವರು ತಮ್ಮ ಹಳೇ ಕಮಡೋರ್ ಹೆಸರಿನ ಕಾರು ಮಾರಿದರು. ಹೆಸರು ಅದೇ, ಸಿಂಹದ ಲೋಗೋ ಅದೇ. ಒಳಗಿದ್ದದ್ದು ಜರ್ಮನಿಯಿಂದ ತರಿಸಿದ ಓಪೆಲ್. ಕೆಟ್ಟ ಕಾರೇನಲ್ಲ. ಹಳೇ ಜನ ತಿರುಗಿಯೂ ನೋಡಲಿಲ್ಲ. 2020ರ ಫೆಬ್ರವರಿಯಲ್ಲಿ ಒಡೆಯ ಕಂಪನಿ ಜನರಲ್ ಮೋಟರ್ಸ್ ಹೋಲ್ಡನ್ ಹೆಸರನ್ನೇ ಕೈಬಿಡುವುದಾಗಿ ಹೇಳಿತು.

ಬಿಡದಿಯವರೇ, ನಿಮ್ಮ ಭಾವನ ಕಥೆಗೆ ಇದನ್ನು ಪಕ್ಕಕ್ಕಿಟ್ಟು ನೋಡಿ. ಅಲ್ಲಿ ಕಾರು ಅದೇ, ಲೋಗೋ ಬದಲಾಯಿತು, ಜನ ಬಂದರು. ಇಲ್ಲಿ ಲೋಗೋ ಅದೇ, ಕಾರು ಬದಲಾಯಿತು, ಜನ ಹೋದರು.

ಬಿಡದಿ ಬೈಪಾಸ್

ಅಣ್ಣಾ, ಇದು ಚೆನ್ನಾಗಿದೆ. ಅಂದರೆ ಬರೀ ಲೋಗೋನೂ ಅಲ್ಲ, ಬರೀ ಕಾರೂ ಅಲ್ಲ. ನಮ್ಮೂರಲ್ಲೂ ಪ್ಲಾಂಟ್‌ಗೆ ಹೋಗುವವರ ಮನೆಯಲ್ಲಿ ಟೊಯೋಟಾ ಬಗ್ಗೆ ಹಗುರವಾಗಿ ಮಾತಾಡಿದರೆ ಕಾಫಿ ಬರುವುದು ತಡವಾಗುತ್ತದೆ.

ಅಂದಹಾಗೆ ಭಾವ ಗ್ಲಾನ್ಜಾ ಬುಕ್ ಮಾಡಿಯಾಯಿತು.

ಕ್ರ್ಯಾಶ್ ಟೆಸ್ಟ್ ಕಿಟ್ಟಿ

ಎಲ್ಲರೂ ಪ್ರೀತಿಯ ಕಥೆ ಹೇಳಿದಿರಿ. ಈ ಪ್ರೀತಿ ಕಣ್ಣು ಮುಚ್ಚಿಸುವುದನ್ನೂ ಸ್ವಲ್ಪ ನೋಡೋಣ.

2014ರ ಜನವರಿಯಲ್ಲಿ ಗ್ಲೋಬಲ್ ಎನ್‌ಕ್ಯಾಪ್ ಎಂಬ ಕಾರು ಸುರಕ್ಷತೆ ಪರೀಕ್ಷಿಸುವ ಸಂಸ್ಥೆ ಮೊದಲ ಸಲ ಭಾರತದ ಕಾರುಗಳನ್ನು ಗುದ್ದಿಸಿ ನೋಡಿತು. ಆಲ್ಟೊ 800, ನ್ಯಾನೊ, ಐ10, ಫಿಗೊ, ಪೋಲೊ. ಐದಕ್ಕೂ ದೊಡ್ಡವರ ಸುರಕ್ಷತೆಯಲ್ಲಿ ಸೊನ್ನೆ. "ಜರ್ಮನ್ ಬಿಲ್ಡ್" ಎಂದು ಎದೆ ತಟ್ಟುತ್ತಿದ್ದವರ ಪೋಲೊಗೂ ಸೊನ್ನೆ, ಯಾಕೆಂದರೆ ಆ ಮಾದರಿಯಲ್ಲಿ ಏರ್‌ಬ್ಯಾಗೇ ಇರಲಿಲ್ಲ. ಫೋಕ್ಸ್‌ವ್ಯಾಗನ್ ಏರ್‌ಬ್ಯಾಗ್ ಕಡ್ಡಾಯ ಮಾಡಿತು, ಏರ್‌ಬ್ಯಾಗ್ ಇದ್ದ ಪೋಲೊಗೆ ನಾಲ್ಕು ಸ್ಟಾರ್ ಬಂತು. ಗಟ್ಟಿ ತಗಡು ಒಂದೇ ಸಾಲದು ಅಂತ ಅವತ್ತೇ ಗೊತ್ತಾಗಬೇಕಿತ್ತು. ನಮ್ಮಲ್ಲಿ ಈಗಲೂ ಡೋರ್ ತಟ್ಟಿ ನೋಡುತ್ತಾರೆ.

2018ರ ಡಿಸೆಂಬರ್‌ನಲ್ಲಿ ನೆಕ್ಸಾನ್‌ಗೆ ಐದು ಸ್ಟಾರ್. ಟಾಟಾದವರು ಪ್ರತಿ ಚರ್ಚೆಗೂ ಅದನ್ನೇ ತಂದರು. "ನಾವು ಗುದ್ದಲು ಕಾರು ತಗೊಳ್ಳಲ್ಲ" ಅಂತ ಮಾರುತಿಯವರು ಉತ್ತರ ಕೊಟ್ಟರು. 2024ರ ನವೆಂಬರ್‌ನಲ್ಲಿ ಹೊಸ ಡಿಸೈರ್‌ಗೂ ಐದು ಸ್ಟಾರ್ ಬಂತು ನೋಡಿ. ಸ್ಟಾರ್ ಲೆಕ್ಕಕ್ಕಿಲ್ಲ ಎಂದಿದ್ದವರು ಮರುದಿನವೇ ಅದನ್ನು ಸ್ಟೇಟಸ್ ಹಾಕಿದರು. ಸ್ಟಾರ್ ಬಿಟ್ಟು ಮಾತೇ ಆಡದವರು "ಒಂದು ಮಾಡೆಲ್‌ಗೆ ಬಂದರೆ ಆಯ್ತಾ?" ಅಂದರು. ಯಾರೂ ಅಭಿಪ್ರಾಯ ಬದಲಿಸಲಿಲ್ಲ. ಅಳೆಯುವ ಕೋಲು ಬದಲಿಸಿಕೊಂಡರು.

ಕೆಎ-09 ಶ್ವೇತ

ಇಷ್ಟು ಹೊತ್ತು ಅಪ್ಪಂದಿರ ಕಥೆಯೇ ಆಯಿತು. ನಮ್ಮ ಮನೆಯಲ್ಲಿ ಕಾರು ಓಡಿಸುತ್ತಿದ್ದದ್ದು ಅಮ್ಮ. ಮಾರುತಿ 800.

1983ರ ಡಿಸೆಂಬರ್‌ನಲ್ಲಿ ಬಂದ ಕಾರು, 2014ರ ಜನವರಿ ತನಕ ತಯಾರಾಯಿತು. ಅಮ್ಮ ಕಲಿತದ್ದು ಅದರಲ್ಲೇ. ಹಗುರ ಕ್ಲಚ್, ಸಣ್ಣ ಬಾನೆಟ್, ನಾಲ್ಕೂ ಮೂಲೆ ಸೀಟಿನಿಂದಲೇ ಕಾಣುತ್ತದೆ. ಅಗ್ರಹಾರದ ಸಂದಿಗಳಲ್ಲಿ ಅದನ್ನು ರಿವರ್ಸ್ ತೆಗೆಯುವಾಗ ಕಟ್ಟೆ ಮೇಲೆ ಕೂತ ಗಂಡಸರು ಕೈ ಆಡಿಸಿ "ಬರ್ಲಿ ಬರ್ಲಿ" ಎನ್ನುತ್ತಿದ್ದರು. ಅಮ್ಮ ಅವರ ಕಡೆ ನೋಡುತ್ತಲೇ ಇರಲಿಲ್ಲ. ಅಮ್ಮನಿಗೆ ಮಾರುತಿ ಮೇಲಿರುವ ಪ್ರೀತಿ ಅಂದರೆ ಅದು. ಆ ಕಾರಿನಲ್ಲಿ ಯಾರನ್ನೂ ಕೇಳಬೇಕಿರಲಿಲ್ಲ.

ನಾನು ಮಾತ್ರ ಮನೆತನ ಬಿಟ್ಟು ಪೋಲೊ ತಗೊಂಡೆ, ಅದೂ 2022ರಲ್ಲಿ ನಿಂತು ಹೋಯಿತು. ಕಿಟ್ಟಿಯವರು ಬೈದಿದ್ದರಲ್ಲಿ ನನಗೂ ಪಾಲಿದೆ ಬಿಡಿ.

ಒಂದು ತಕರಾರು. ನಿಮ್ಮ ಬ್ರ್ಯಾಂಡ್ ನಿಮಗೆ ಪ್ರೀತಿ, ಇರಲಿ. ಆದರೆ ಈಗ ತಾನೇ ಲೈಸೆನ್ಸ್ ತಗೊಂಡ ಹುಡುಗಿ ಇಲ್ಲಿ ಬಂದು ಆಫೀಸಿಗೆ ಹೋಗಲು ಯಾವ ಕಾರು ಅಂತ ಕೇಳಿದರೆ ಥಾರ್ ಅಂತ ಹೇಳುತ್ತೀರಲ್ಲ, ಅದು ಅವಳಿಗೆ ಕೊಟ್ಟ ಸಲಹೆಯಾ? ನಿಮ್ಮ ಪಾರ್ಟಿಗೆ ಒಂದು ಓಟು ಜಾಸ್ತಿ ಮಾಡಿಕೊಂಡದ್ದು.

ಎಂಎಂ540

ಶ್ವೇತ ಮೇಡಂ, ಆ ಉತ್ತರ ನಂದೇ. ಥಾರ್‌ನಲ್ಲಿ ಆಫೀಸಿಗೆ ಹೋಗಬಾರದು ಅಂತ ಎಲ್ಲಿದೆ? :)

ಗ್ಯಾರೇಜ್ ಸೀನ

ಎಲ್ಲ ಓದಿದೆ ಸಾರ್. ನಾನು ಓದಿದವನಲ್ಲ, ಗಾಡಿ ಬಿಚ್ಚಿ ಜೋಡಿಸುವವನು. ನಾನು ಕಂಡದ್ದು ಹೇಳುತ್ತೇನೆ.

ನಮ್ಮ ಗಿರಾಕಿ ಒಬ್ಬರು, ಫೋರ್ಡ್ ಇಕೋಸ್ಪೋರ್ಟ್. ಇಲ್ಲಿ ಕಾರು ಮಾಡುವುದನ್ನು ನಿಲ್ಲಿಸುತ್ತೇವೆ ಅಂತ ಫೋರ್ಡ್ ಹೇಳಿದ್ದು 2021ರ ಸೆಪ್ಟೆಂಬರ್‌ನಲ್ಲಿ. ಈ ಯಪ್ಪ ಮಾರಿಬಿಡ್ತಾರೆ ಅಂದುಕೊಂಡೆ. ಮಾರಲಿಲ್ಲ. ಯಾಕೆ ಗೊತ್ತಾ? ಅವರ ಹತ್ತಿರ ಆ ಕಾರಿಗೆ ಅಂತ ಒಂದು ಕೇಬಲ್ ಇದೆ, ಲ್ಯಾಪ್‌ಟಾಪ್‌ನಲ್ಲಿ ಫೋರ್‌ಸ್ಕ್ಯಾನ್ ಅಂತ ಗಾಡಿಯ ದೋಷ ತೋರಿಸುವ ಸಾಫ್ಟ್‌ವೇರ್ ಇದೆ. ವಾರ್ನಿಂಗ್ ಲೈಟ್ ಬಂದರೆ ದೋಷದ ಕೋಡ್ ತಾವೇ ಓದಿಕೊಂಡು ಬರುತ್ತಾರೆ. ಯಾವ ಕ್ಲಿಪ್ ಎಲ್ಲಿ ಮುರಿಯುತ್ತದೆ, ಯಾವ ಬುಷ್ ಎಷ್ಟು ದಿನ ಬಾಳುತ್ತದೆ, ಡೂಪ್ಲಿಕೇಟ್ ಯಾವುದು ಓಡುತ್ತದೆ, ಯಾವುದು ಓಡಲ್ಲ, ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಯಾವ ಪಾರ್ಟ್ ಅಂಗಡಿಗೆ ಹೋಗಬೇಕು, ಎಲ್ಲ ತಲೆಯಲ್ಲಿದೆ. ವರ್ಷಗಟ್ಟಲೆ ಕಲಿತದ್ದು. ಬೇರೆ ಕಂಪನಿ ಗಾಡಿ ತಗೊಂಡರೆ ಅದೆಲ್ಲ ನೀರಿಗೆ. ಇನ್ನೊಬ್ಬರ ಅಡುಗೆಮನೆಯಲ್ಲಿ ಸಾಸಿವೆ ಡಬ್ಬ ಹುಡುಕಿದ ಹಾಗೆ ಆಗುತ್ತದೆ ಅವರ ಪಾಡು.

ಆ ಜೀಪಿನ ಅಪ್ಪನೂ ಅಷ್ಟೇ ಅಲ್ವಾ? ಎರಡು ದಮ್ ಲೆಕ್ಕ ಬೇರೆ ಗಾಡಿಗೆ ನಡೆಯಲ್ಲ. ಮೇಡಂ ಅವರ ಅಮ್ಮನ ರಿವರ್ಸೂ ಅದೇ. ಲೆಕ್ಕದ ಸಾರ್ ಹೇಳಿದ ವಾರಂಟಿ ಕಾಗದದಲ್ಲಿ ಬರುತ್ತದೆ. ಇದು ಬರಲ್ಲ.

ಸುಮ್ನೆ ಕಾರು ಓಡಿಸುವವರಿಗೆ ಈ ಕಷ್ಟ ಇಲ್ಲ. ಅವರಿಗೆ ಕೀಲಿ, ಎಸಿ, ಪೆಟ್ರೋಲ್ ಬಂಕ್ ಗೊತ್ತಿದ್ದರೆ ಸಾಕು. ಇವತ್ತು ಹ್ಯುಂಡೈ, ನಾಳೆ ಕಿಯಾ. ನಿಮ್ಮಂಥ ಹುಚ್ಚು ಇರುವವರೇ ಸಿಕ್ಕಿಹಾಕಿಕೊಳ್ಳುವುದು, ಯಾಕೆಂದರೆ ನೀವೇ ಜಾಸ್ತಿ ಕಲಿತಿರುತ್ತೀರಿ. ನನಗೂ ಹಂಗೇ. ಸ್ವಿಫ್ಟ್ ಡೀಸೆಲ್ ಗೇಟ್ ಹತ್ತಿರ ಬರುವಾಗಲೇ ಟೈಮಿಂಗ್ ಚೈನ್ ಸದ್ದು ಕಿವಿಗೆ ಬೀಳುತ್ತದೆ. ಎಲೆಕ್ಟ್ರಿಕ್ ಗಾಡಿ ಬಂದರೆ ಕೇಳಲು ಏನೂ ಇಲ್ಲ, ತಲೆ ಕೆರೆದುಕೊಳ್ಳುತ್ತೇನೆ. ಎಲೆಕ್ಟ್ರಿಕ್ ಸರಿ ಇಲ್ಲ ಅಂತ ಬೈಯುವುದೂ ನಾನೇ!

ಕೊನೇ ಬೆಂಚು ಮೇಷ್ಟ್ರು

ಸೀನಣ್ಣ, ನಾಳೆ ನನ್ನ ಕ್ಲಾಸ್ ನೀವೇ ತಗೊಳ್ಳಿ.

ಒಂದು ಪ್ರಶ್ನೆ ಉಳಿಯುತ್ತದೆ. ಕಲಿತದ್ದು ಒಂದು ಮಾಡೆಲ್ ಬಗ್ಗೆ. ಪ್ರೀತಿ ಇಡೀ ಕಂಪನಿ ಮೇಲೆ ಯಾಕೆ ಹರಡುತ್ತದೆ? ಥಾರ್‌ಗೂ ಎಂಎಂ540ಗೂ ಸಂಬಂಧ ಇಲ್ಲ ಅಂತ ಅವರೇ ಒಪ್ಪಿದ್ದಾರೆ.

ಎಂಎಂ540

ಶೋರೂಮಿನವರು ಅದನ್ನೇ ಮಾರುವುದು ಮೇಷ್ಟ್ರೇ. ನಾನು ಗೊತ್ತಿದ್ದೇ ಕೊಂಡುಕೊಂಡೆ.

ಲೆಕ್ಕದ ಮನುಷ್ಯ

ಲಿನಿಯಾ ಸರ್‌ಗೆ ಒಂದು ಪರೀಕ್ಷೆ. ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ, ನಿಮ್ಮ ಲಿನಿಯಾ ತಯಾರಾದ ಅದೇ ಪ್ಲಾಂಟಿನಲ್ಲಿ, ಈಗ ಜೀಪ್ ಕಂಪಾಸ್ ಮಾಡುತ್ತಾರೆ. ಅದರ 2 ಲೀಟರ್ ಡೀಸೆಲ್ ಫಿಯಾಟ್‌ನದ್ದೇ ಮಲ್ಟಿಜೆಟ್. ಟಾಟಾ ಹ್ಯಾರಿಯರ್‌ನಲ್ಲೂ ಅದೇ ಇಂಜಿನ್. ಅಷ್ಟು ಪ್ರೀತಿ ಇದ್ದರೆ ಯಾಕೆ ತಗೊಳ್ಳಲಿಲ್ಲ?

ಟಿ-ಜೆಟ್ ಲಿನಿಯಾ

ಎರಡನ್ನೂ ಓಡಿಸಿ ನೋಡಿದೆ. ಒಳ್ಳೇ ಗಾಡಿಗಳು. ನನ್ನ ಗುಂಪು ಅಲ್ಲಿಲ್ಲ. ನಾನು ಕಲಿತದ್ದೂ ಅಲ್ಲಿಗೆ ಬರುವುದಿಲ್ಲ.

ನಾಳೆ ಫಿಯಾಟ್ ಹೆಸರೇ ವಾಪಸ್ ಬಂದರೂ ಶೋರೂಮಿನಲ್ಲಿ ನಾನು ಕೇಳುವ ಮೊದಲ ಮಾತು, ನನ್ನ ಹಳೇ ಕಾರಿನ ಪಾರ್ಟ್ ಕೊಡುತ್ತೀರಾ ಅಂತ. ಕೊಟ್ಟರೆ ಹೊಸದನ್ನೂ ನೋಡುತ್ತೇನೆ.

ಲೆಕ್ಕದ ಮನುಷ್ಯ

ಹಾಗಾದರೆ ಕೊನೆಗೆ ನಿಮ್ಮದೂ ಲೆಕ್ಕವೇ ಅಲ್ವಾ ಸರ್?

ಟಿ-ಜೆಟ್ ಲಿನಿಯಾ

ಆಯ್ತು, ಲೆಕ್ಕವೇ ಅನ್ನಿ. ಸೀನಣ್ಣ, ಟಿ-ಜೆಟ್ ಟೈಮಿಂಗ್ ಬೆಲ್ಟ್ ಕಿಟ್ ಜೆ.ಸಿ. ರೋಡಿನಲ್ಲಿ ಯಾರ ಹತ್ತಿರ ಇದೆ?

ಗ್ಯಾರೇಜ್ ಸೀನ

ಫೋನ್ ಮಾಡಿ ಕೇಳಬೇಕು ಸಾರ್. ಒಂದು ಸೆಟ್ ಸಾಕಾ, ನಿಮ್ಮ ಗುಂಪಿಗೂ ಸೇರಿಸಿ ಹೇಳಲಾ?